ನಾಲ್ಕನೆಯ ತರಗತಿಗೆ ಭಿನ್ನರಾಶಿ ಕಲಿಸಲು, ಗೋಡೆಗೆ ಹಾಕುವಂಥ ಚಿತ್ರಕಲೆಯ ಪ್ರಾಜೆಕ್ಟ್ ಯಾವುದು ಒಳ್ಳೆಯದು? ಕೊಲಾಜ್, ಮಣ್ಣು, ರಂಗೋಲಿ ಮೂರರಲ್ಲಿ ಯಾವುದು? ಚಿತ್ರ ಬರೆಸಿದರೆ ಗಣಿತದ ಭಯ ಹೋಗುತ್ತದಲ್ಲ. ಖರ್ಚು ಎಷ್ಟಾದೀತು?

‘ಗೋಡೆಗೆ ಹಾಕುವಂಥ’ ಎಂಬ ಮಾತನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. 2017ರ ಮಳೆಗಾಲದಲ್ಲಿ ನಾನು ಹುಡುಕುತ್ತಿದ್ದದ್ದೂ ಅದನ್ನೇ.

ಆಗ ನಾನು ಕೊಡಗಿನ ಸಿದ್ದಾಪುರದ ಆಚೆ, ಕಾಫಿ ತೋಟಗಳ ನಡುವಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ನಾಲ್ಕನೆಯ ತರಗತಿಯಲ್ಲಿ ಹನ್ನೊಂದು ಮಕ್ಕಳು, ಹೆಚ್ಚಿನವರು ತೋಟದ ಕೂಲಿಕಾರರ ಲೈನ್ ಮನೆಗಳವರು. ಮನೆಯಲ್ಲಿ ಎರವ ಭಾಷೆ, ಮಲಯಾಳ, ತುಳು, ತಮಿಳು, ಒಬ್ಬನ ಮನೆಯಲ್ಲಿ ಕೊಡವ ತಕ್ಕ್. ಕನ್ನಡ ಶಾಲೆಯೊಳಗೆ ಮಾತ್ರ. ‘ಅಂಶ’, ‘ಛೇದ’ ಎಂದು ನಾನು ಎಷ್ಟು ಸಲ ಹೇಳಿದರೂ ಮಕ್ಕಳು ಹೆಂಚಿನ ಮೇಲೆ ಬೀಳುವ ಮಳೆಯನ್ನೇ ಕೇಳುತ್ತಿದ್ದರು. ಮಕ್ಕಳೇ ಸಂತೆ ನಡೆಸಿ ಅಳತೆ, ಲೆಕ್ಕ ಕಲಿಯುವ ಶಾಲೆಯ ಮೆಟ್ರಿಕ್ ಮೇಳ ಹತ್ತಿರ ಬಂದಿತ್ತು. ಭಿನ್ನರಾಶಿಯನ್ನು ಚಿತ್ರದ ಮೂಲಕವೇ ಮಾಡಿಸೋಣ, ಮೇಳಕ್ಕೂ ಆಯಿತು ಎಂದುಕೊಂಡೆ.

ಯೋಜನೆ ಕೇಳಲು ಚೆನ್ನಾಗಿಯೇ ಇತ್ತು. ಕೊಡವ ಗಂಡಸರು ಕುಪ್ಯ ಎಂಬ ನಿಲುವಂಗಿಯ ಮೇಲೆ ಸೊಂಟಕ್ಕೆ ಸುತ್ತುವ ಕೆಂಪು ನಡುಪಟ್ಟಿ, ಚೇಲೆಯನ್ನು ಮಕ್ಕಳೆಲ್ಲರೂ ನೋಡಿದ್ದರು. ಅಂಥದೊಂದು ಚೇಲೆಯನ್ನು ಕಾಗದದಲ್ಲಿ ಮಾಡುವುದು. 15 ಸೆಂಟಿಮೀಟರಿನ 48 ಚೌಕಗಳು, ಸಾಲಿಗೆ 12ರಂತೆ ನಾಲ್ಕು ಸಾಲು. ಪ್ರತಿ ಚೌಕದಲ್ಲಿ ನಾಲ್ಕೋ ಎಂಟೋ ಭಾಗ, ಕೆಲವಕ್ಕೆ ಕೆಂಪು, ಉಳಿದವಕ್ಕೆ ಹೊಂಬಣ್ಣ. ಕೆಳಗೆ 3/4, 5/8 ಎಂದು ಬರೆಯುವುದು.

ಎಡವಿದ್ದು ಇಲ್ಲಿ. ಹಿಂದಿನ ವರ್ಷ ಮಕ್ಕಳ ಕೈಯಲ್ಲಿ ಗೆರೆ ಹಾಕಿಸಿದಾಗ ಒಂದೂ ನೆಟ್ಟಗೆ ಬಂದಿರಲಿಲ್ಲ. ಆದ್ದರಿಂದ ಈ ಸಲ ಹಿಂದಿನ ರಾತ್ರಿಯೇ, ಕರೆಂಟಿಲ್ಲದ ಬಾಡಿಗೆ ಮನೆಯಲ್ಲಿ, ಎಮರ್ಜೆನ್ಸಿ ದೀಪದ ಬೆಳಕಿನಲ್ಲಿ ಕೂತು 48 ಚೌಕಗಳಿಗೂ ನಾನೇ ಸ್ಕೇಲಿಟ್ಟು, ಏಳೂವರೆ ಸೆಂಟಿಮೀಟರಿಗೆ ಚುಕ್ಕಿ ಇಟ್ಟು, ಗೆರೆ ಎಳೆದೆ. ಸಾಲದ್ದಕ್ಕೆ, ಯಾವ ಭಾಗಕ್ಕೆ ಯಾವ ಬಣ್ಣ ಎಂದು ಪೆನ್ಸಿಲಿನಲ್ಲಿ ಸಣ್ಣ ಗುರುತನ್ನೂ ಹಾಕಿದೆ. ಮಕ್ಕಳು ಮರುದಿನ ಖುಷಿಯಿಂದ ಬಣ್ಣ ತುಂಬಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನಗೇ ಅರ್ಥವಾಗಲು ವಾರಗಳು ಹಿಡಿದವು. ಗೆರೆ ಎಳೆದು ಕೊಟ್ಟ ಚೌಕದಲ್ಲಿ 3/4ಕ್ಕೆ ಬಣ್ಣ ತುಂಬಲು ಮಗು ಮಾಡಬೇಕಾದದ್ದೇನು? ಮೂರು ಮನೆ ಎಣಿಸುವುದು. ಅದು ಒಂದನೆಯ ತರಗತಿಯ ಕೆಲಸ. ಭಿನ್ನರಾಶಿ ಇರುವುದು ಅದಕ್ಕೂ ಮೊದಲು, ಇಡೀ ಚೌಕವನ್ನು ನಾಲ್ಕು ಮಾಡುವಾಗ. ನಾಲ್ಕೂ ಸಮವಾಗಿರಬೇಕು, ಸಮ ಎಂದು ಗೊತ್ತಾಗುವುದು ಹೇಗೆ, ಸಮವಿಲ್ಲದಿದ್ದರೆ ಅದನ್ನು ಕಾಲು ಎನ್ನಬಹುದೇ? ಈ ಮೂರು ಪ್ರಶ್ನೆಗಳನ್ನೂ ನಾನು ರಾತ್ರಿಯೇ ಬಿಡಿಸಿ ಮುಗಿಸಿದ್ದೆ. ಹಲಸಿನ ತೊಳೆಯನ್ನು ನಾನು ತಿಂದು, ಮಕ್ಕಳ ಕೈಗೆ ಮೇಣ ಕೊಟ್ಟಂತಾಯಿತು.

ಮೇಳದಲ್ಲಿ ಚೇಲೆಗೆ ಬಹಳ ಮೆಚ್ಚುಗೆ ಬಂತು. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಎರಡು ವಾರ ಬಿಟ್ಟು ಕಿರುಪರೀಕ್ಷೆಯಲ್ಲಿ, ಒಂದು ಆಯತ ಬರೆದು ಅದರ 3/4 ಭಾಗಕ್ಕೆ ಬಣ್ಣ ತುಂಬಿ ಎಂದು ಕೊಟ್ಟೆ. ಒಬ್ಬಳು ಹಾಳೆ ಹಿಡಿದುಕೊಂಡು ಎದ್ದು ಬಂದಳು: “ಟೀಚರ್, ಇದರಲ್ಲಿ ಗೆರೆ ಹಾಕಿಲ್ಲ.” ಚೇಲೆಯ ಅತಿ ಚೆಂದದ ಚೌಕ ಮಾಡಿದ್ದ ಹುಡುಗ ಎಡಗಡೆಗೆ ಒತ್ತೊತ್ತಾಗಿ ಮೂರು ಗೆರೆ ಎಳೆದಿದ್ದ, ಉಳಿದ ನಾಲ್ಕನೆಯ ಭಾಗ ಮೊದಲ ಮೂರು ಸೇರಿದರೂ ಸಾಟಿಯಾಗದಷ್ಟು ದೊಡ್ಡದು. ಮೂರಕ್ಕೆ ಬಣ್ಣ ಬಳಿದು, ಕೆಳಗೆ 3/4 ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದ. ಹನ್ನೊಂದರಲ್ಲಿ ಏಳು ಹಾಳೆಗಳು ಹೀಗೇ ಇದ್ದವು. ಎರಡು ದಿನ ಮಕ್ಕಳ ಮೇಲೆ ರೇಗಿದೆ. ಮೂರನೆಯ ದಿನ ಗೋಡೆಯತ್ತ ನೋಡಿದರೆ ಬಣ್ಣದ ಅಡಿಯಿಂದ ನನ್ನ ಪೆನ್ಸಿಲ್ ಗೆರೆಗಳು ಇಣುಕುತ್ತಿದ್ದವು.

ಮಳೆ ರಜೆ ಮುಗಿದ ಮೇಲೆ ಸ್ಕೇಲುಗಳನ್ನೆಲ್ಲ ಬೀರುವಿನಲ್ಲಿಟ್ಟೆ. ಒಬ್ಬೊಬ್ಬರಿಗೂ ಒಂದೊಂದು ಚೌಕ ಕಾಗದ ಕೊಟ್ಟು, ಮಡಚಿ ನಾಲ್ಕು ಸಮಭಾಗ ಮಾಡಿ ಎಂದೆ, ಅಷ್ಟೇ. ಕೆಲವರು ಅಡ್ಡ ಒಮ್ಮೆ, ಉದ್ದ ಒಮ್ಮೆ ಮಡಚಿದರು. ಕೆಲವರಿಗೆ ನಾಲ್ಕು ಪಟ್ಟಿಗಳು ಬಂದವು. ಇಬ್ಬರು ಮೂಲೆಯಿಂದ ಮೂಲೆಗೆ ಮಡಚಿ ನಾಲ್ಕು ತ್ರಿಕೋನ ಮಾಡಿದರು. ಜಗಳ ಶುರುವಾದದ್ದು ಆಗ. ತ್ರಿಕೋನವೇ ದೊಡ್ಡದು ಎಂದು ಅರ್ಧ ತರಗತಿ, ಸಣ್ಣ ಚೌಕವೇ ದೊಡ್ಡದು ಎಂದು ಇನ್ನರ್ಧ. ಒಂದರ ಮೇಲೊಂದು ಇಟ್ಟರೆ ಕೂಡುವುದಿಲ್ಲ. ಕೊನೆಗೆ, ಆ ಮುತ್ತಿನ ಅಕ್ಷರದ ಹುಡುಗನೇ ತ್ರಿಕೋನವನ್ನು ನಡುವೆ ಕತ್ತರಿಸಿ, ಎರಡು ತುಂಡುಗಳನ್ನೂ ತಿರುಗಿಸಿ ಸಣ್ಣ ಚೌಕದ ಮೇಲೆ ಕೂರಿಸಿದ. ಸರಿಯಾಗಿ ಕೂತಿತು. ಆಕಾರ ಬೇರೆಯಾದರೂ ಎರಡೂ ಕಾಲೇ ಎಂದು ನಾನು ಹೇಳಬೇಕಾಗಲಿಲ್ಲ.

ಮರುದಿನ ಮುಕ್ಕಾಲಿಗೆ ಬಣ್ಣ ತುಂಬಿಸಿ, ಅದೇ ಕಾಗದವನ್ನು ಮಡಚಿದಂತೆಯೇ ಇನ್ನೊಂದು ಸಲ ಅರ್ಧಕ್ಕೆ ಮಡಚಲು ಹೇಳಿದೆ. ಬಿಡಿಸಿದರೆ ಎಂಟು ಮನೆ, ಆರಕ್ಕೆ ಬಣ್ಣ. ಬಣ್ಣ ಒಂದು ಹನಿಯೂ ಹೆಚ್ಚಾಗಿಲ್ಲ. 3/4 ಮತ್ತು 6/8 ಒಂದೇ ಎಂದು ಕಪ್ಪು ಹಲಗೆಯ ಮೇಲೆ ನಾನು ಎಷ್ಟು ಸುಣ್ಣದ ಕಡ್ಡಿ ಸವೆಸಿದ್ದೆನೋ! ಮೂರು ಸಮಭಾಗದ ಮಡಿಕೆಗೆ ಮಾತ್ರ ಇಡೀ ಒಂದು ಪೀರಿಯಡ್ ಹೋಯಿತು. ಕೊನೆಗೆ ಹುಡುಗಿಯೊಬ್ಬಳು, ಅವ್ವ ಸೀರೆ ಮಡಚುವ ಹಾಗೆ, ಕಾಗದವನ್ನು ಸಡಿಲವಾಗಿ ಸುತ್ತಿ, ಅಂಚುಗಳು ಸೇರುವವರೆಗೆ ಜಗ್ಗಿ ಜಗ್ಗಿ ಸರಿಮಾಡಿ ಒತ್ತಿದಳು.

ಅಷ್ಟು ಹೊತ್ತಿಗೆ ಕಾಗದಗಳೆಲ್ಲ ಮುದ್ದೆಯಾಗಿದ್ದವು. ಗೋಡೆಗೆ ಹಾಕುವಂಥದ್ದು ಒಂದೂ ಇರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೊಲಾಜ್, ಮಣ್ಣು, ರಂಗೋಲಿ ಮೂರರಲ್ಲಿ ಯಾವುದು ಎಂದು ಕೇಳಿದ್ದೀರಿ. ಯಾವುದಾದರೂ ಆದೀತು, ಅಳೆಯುವ, ಭಾಗ ಮಾಡುವ ನಿರ್ಧಾರ ಮಗುವಿನದಾಗಿರಬೇಕು. ಚಿತ್ರ ಬರೆಸಿದರೆ ಗಣಿತದ ಭಯ ಹೋಗುತ್ತದೆ ಎಂದಿದ್ದೀರಿ. ನಿಮ್ಮ ಮಕ್ಕಳಿಗೆ ಭಯವಿದೆ ಎಂದು ಯಾರು ಹೇಳಿದರು? ಕಾಫಿ ಕೊಯ್ಲಿನಲ್ಲಿ ಸಂಜೆ ಹಣ್ಣು ತೂಗುವಾಗ ತಕ್ಕಡಿಯ ಬಳಿ ನಿಂತ ಲೈನ್ ಮನೆಯ ಮಕ್ಕಳನ್ನು ನೋಡಿ: ಅವ್ವನಿಗೆ ಕಿಲೋ ಲೆಕ್ಕದಲ್ಲಿ ಎಷ್ಟು ಬರಬೇಕೆಂದು ಬಾಯಲ್ಲೇ ಹೇಳುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ತರಬೇತಿಗಳಲ್ಲಿ ಕಲೆ ಬೆಸೆದ ಕಲಿಕೆಯ ಮಾತು ಹೆಚ್ಚಾಗಿದೆ, ಒಳ್ಳೆಯದೇ. ಆದರೆ ನಾನು ಕೂತ ತರಬೇತಿಗಳಲ್ಲಿ ತೋರಿಸಿದ್ದು ಮುಗಿದ ಚಾರ್ಟುಗಳನ್ನು, ಮುಗಿಯದೆ ಒದ್ದಾಡುವ ಮಗುವನ್ನಲ್ಲ.

ರಂಗೋಲಿಯೇ ಬೇಕೆಂದರೆ ಚುಕ್ಕಿ ನೀವು ಇಡಬೇಡಿ. 1, 3, 5, 7, 5, 3, 1 ಎಂದು ಮಕ್ಕಳೇ ಇಡಲಿ. ಒಟ್ಟು 25. ಅದನ್ನು ಓರೆಯಾಗಿ ನೋಡಿದರೆ ನಾಲ್ಕು ನಾಲ್ಕರ 16 ಚುಕ್ಕಿಗಳ ಒಂದು ಚೌಕ, ಅದರ ಸಂದಿಗಳಲ್ಲಿ ಮೂರು ಮೂರರ 9 ಚುಕ್ಕಿಗಳ ಇನ್ನೊಂದು. ಇದನ್ನು ನನಗೆ ತೋರಿಸಿಕೊಟ್ಟವಳು “ಗೆರೆ ಹಾಕಿಲ್ಲ” ಎಂದಿದ್ದ ಹುಡುಗಿ, ಮುಂದಿನ ವರ್ಷ.

ಖರ್ಚಿನ ಬಗ್ಗೆಯೂ ಕೇಳಿದ್ದಿರಿ. ಚಾರ್ಟ್ ಹಾಳೆ ಕೊಳ್ಳಬೇಡಿ, ಜುಲೈ ತಿಂಗಳ ಥಂಡಿಗೆ ಅದು ಹಪ್ಪಳದಂತೆ ಮೆತ್ತಗಾಗುತ್ತದೆ. ಹಳೆಯ ಕ್ಯಾಲೆಂಡರ್ ಸಾಕು. ಮೈದಾ ಅಂಟಿಗೆ ಮೂರೇ ದಿನದಲ್ಲಿ ಬೂಷ್ಟು ಬರುತ್ತದೆ. ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತೋಟದ ಮನೆಗಳಲ್ಲಿ ಮೈಲುತುತ್ತ ಇರುತ್ತದೆ, ಅದನ್ನು ಒಂದು ಚಿಟಿಕೆ ಹಾಕಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ, ಅದು ವಿಷ, ಮಕ್ಕಳು ಬೆರಳು ನೆಕ್ಕುತ್ತಾರೆ. ಬಿಸಿಯೂಟದ ಅಡುಗೆಯವರ ಹತ್ತಿರ ಒಂದು ಹಿಡಿ ಅನ್ನ ಕೇಳಿಕೊಳ್ಳಿ. ಅಗುಳು ಅರೆದು ಹಚ್ಚಿದರೆ ಅಂದಿನ ಕೆಲಸಕ್ಕೆ ಸಾಕು.