ಪಿಟಿಎ ಕೆಲಸಕ್ಕೂ ಜಿಟಿ ಆಯ್ಕೆಗೂ ನಂಟಿಲ್ಲ

ಟೆಕ್ಸಸ್‌ನಲ್ಲಿ ಎರಡನೇ ಕ್ಲಾಸಿನಲ್ಲಿರುವ ಮಗಳಿಗೆ ಗಿಫ್ಟೆಡ್ ಅಂಡ್ ಟ್ಯಾಲೆಂಟೆಡ್ (ಜಿಟಿ, ಪ್ರತಿಭಾವಂತ ಮಕ್ಕಳ ವಿಶೇಷ ಪ್ರೋಗ್ರಾಂ) ಸಿಗಲು ಶಾಲೆಯಲ್ಲಿ ಪಿಟಿಎ (ಪೋಷಕ-ಶಿಕ್ಷಕರ ಸಂಘ) ಕೆಲಸಕ್ಕೆ ವಾಲಂಟಿಯರ್ ಮಾಡಿದರೆ ಅನುಕೂಲವೇ ಎಂದು ಕೇಳಿದ್ದೀರಿ. ಇಲ್ಲ. ರಾಜ್ಯದ ನಿಯಮದ ಪ್ರಕಾರ ಕನಿಷ್ಠ 3 ಮಾನದಂಡಗಳನ್ನು ನೋಡಬೇಕು, ತರಬೇತಿ ಪಡೆದ ಕನಿಷ್ಠ 3 ಶಿಕ್ಷಕರ ಸಮಿತಿ ತೀರ್ಮಾನಿಸಬೇಕು. ನೀವು ಲೈಬ್ರರಿಯಲ್ಲಿ ಕಳೆದ ಗಂಟೆಗಳಿಗೆ ಅಲ್ಲಿ ಜಾಗವೇ ಇಲ್ಲ.

ಆ ಶ್ರಮವನ್ನು ಮಗುವಿನ ಬಗ್ಗೆ ಪೋಷಕರು ತುಂಬುವ ಫಾರ್ಮಿಗೆ ಹಾಕಿ. ಹೆಚ್ಚಿನವರು ಎಡವುವುದು ಇಲ್ಲೇ: "ತುಂಬಾ ಚುರುಕು, ಬೇಗ ಕಲಿಯುತ್ತಾಳೆ" ಎಂದು ಬರೆದರೆ ಸಮಿತಿಗೆ ಏನೂ ತಿಳಿಯದು. ಯಾವಾಗ, ಏನು ಮಾಡಿದಳು, ಯಾರೂ ಹೇಳಿಕೊಡದೆ ಎಲ್ಲಿವರೆಗೆ ಹೋದಳು ಎಂದು ಬರೆಯಿರಿ. ಮನೆಯಲ್ಲಿ ತಾನೇ ಕನ್ನಡ ಕಾಗುಣಿತದ ಕ್ರಮ ಕಂಡುಕೊಂಡಿದ್ದರೆ ಅದು ಟೀಚರ್ ಕಣ್ಣಿಗೆ ಬಿದ್ದಿರುವುದಿಲ್ಲ, ನೀವೇ ತಿಳಿಸಬೇಕು. ಅವಳಿಗೆ ಇಂಗ್ಲಿಷ್ ಇನ್ನೂ ಹೊಸದಾಗಿದ್ದರೆ ಅರ್ಥವಾಗುವ ಭಾಷೆಯ ಇಲ್ಲವೇ ಮಾತಿಲ್ಲದ ಪರೀಕ್ಷೆ ಕೇಳುವ ಹಕ್ಕಿದೆ.

ನಿಮ್ಮ ಶಾಲಾ ಜಿಲ್ಲೆಯಲ್ಲಿ ಕಾಗ್ಯಾಟ್ (CogAT, ಯೋಚನಾ ಸಾಮರ್ಥ್ಯದ ಪರೀಕ್ಷೆ) ಕೊಡುತ್ತಿದ್ದರೆ ಅಂಕವನ್ನು ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸುತ್ತಾರೆ; ಸರಾಸರಿ 100, ಸುಮಾರು 132 ಎಂದರೆ 98ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ ಸುಮಾರು 98 ಮಕ್ಕಳಿಗಿಂತ ಮೇಲೆ. ಹುಟ್ಟಿದ ದಿನಾಂಕ ತಪ್ಪಿದ್ದರೆ ಅಂಕವೂ ತಪ್ಪುತ್ತದೆ, ವರದಿಯಲ್ಲಿ ಮೊದಲು ಅದನ್ನೇ ನೋಡಿ. ಒಟ್ಟು ಅಂಕದ ಜೊತೆ ಭಾಷೆ, ಗಣಿತ, ಚಿತ್ರ ಈ ಮೂರು ಭಾಗಗಳನ್ನೂ ಬೇರೆಬೇರೆಯಾಗಿ ಓದಿ.

ಮಗುವಿನ ಹೆಸರನ್ನು ಜಿಟಿಗೆ ಸೂಚಿಸುವ (ನಾಮನಿರ್ದೇಶನದ) ಅವಧಿ ಶಾಲಾ ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಜಿಟಿ ಕೋಆರ್ಡಿನೇಟರ್‌ಗೆ ಇಂದೇ ಇಮೇಲ್ ಮಾಡಿ ಕೊನೆಯ ದಿನ ಕೇಳಿ, ಆಯ್ಕೆಯಾಗದಿದ್ದರೆ ಸಲ್ಲಿಸುವ ಮೇಲ್ಮನವಿಯ ಗಡುವನ್ನೂ ಅದರಲ್ಲೇ ಕೇಳಿ.

ವಾಲಂಟಿಯರ್ ಕೆಲಸವನ್ನು ದಯವಿಟ್ಟು ಬಿಡಬೇಡಿ, ಶಾಲೆಗೆ ಅದು ಬೇಕು. ಆದರೆ ಆ ಹೊತ್ತಿನಲ್ಲಿ ಟೀಚರ್ ಹತ್ತಿರ ಆಯ್ಕೆಯ ಮಾತು ತೆಗೆಯಬೇಡಿ.