ಕೆನ್ನೆಯೊಳಗಿನ ಗಡ್ಡೆಗೆ ರೋಬೋಟ್ ಬೇಕೇ?

ಪ್ರಶ್ನೆ: ತಂದೆಗೆ 58 ವರ್ಷ. ಮೂವತ್ತು ವರ್ಷದಿಂದ ಎಲೆಅಡಿಕೆ, ಕಡ್ಡಿಪುಡಿ ಹಾಕುತ್ತಿದ್ದರು. ಎಡಗೆನ್ನೆಯ ಒಳಗೆ ಹುಣ್ಣಾಗಿ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ದಾವಣಗೆರೆಯ ಡಾಕ್ಟರು ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ ರೋಬೋಟ್‌ನಿಂದ ಮಾಡಿಸಿದರೆ ಮುಖ ಕೆಡುವುದಿಲ್ಲ ಎನ್ನುತ್ತಾರೆ ನೆಂಟರು. ಅಡಿಕೆ ತೋಟದ ಮೇಲೆ ಸಾಲ ತೆಗೆಯಬೇಕೆಂದಿದ್ದೇವೆ. ಸರಿಯೇ?
– ಓದುಗರೊಬ್ಬರು, ಚನ್ನಗಿರಿ ತಾಲ್ಲೂಕು

ಉತ್ತರ: ತೋಟದ ಪತ್ರ ಮನೆಯಲ್ಲೇ ಇರಲಿ. ಕೆನ್ನೆಯ ಒಳಭಾಗ ಬಾಯಿ ತೆರೆದರೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ಜಾಗ. ಅಲ್ಲಿ ಗಡ್ಡೆ ತೆಗೆಯಲು ರೋಬೋಟ್ ಬೇಕಿಲ್ಲ.

ಅದು ನೆರವಾಗುವುದು ಗಂಟಲಿನ ಆಳದಲ್ಲಿ, ಅಂದರೆ ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ. ಹಿಂದೆ ಅಲ್ಲಿಗೆ ತಲುಪಲು ಎಷ್ಟೋ ಸಲ ತುಟಿ ಸೀಳಿ, ಕೆಳದವಡೆ ಕತ್ತರಿಸಬೇಕಾಗುತ್ತಿತ್ತು. ಈಗ ಸಣ್ಣ ಗಡ್ಡೆಯಾದರೆ ಬಾಯಿಯ ಮೂಲಕವೇ ಯಂತ್ರದ ತೆಳು ತೋಳುಗಳು ಒಳಹೋಗುತ್ತವೆ. ಯಂತ್ರ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಸರ್ಜನ್ ಕನ್ಸೋಲ್ ಎಂಬ ನಿಯಂತ್ರಣ ಮೇಜಿನ ಮುಂದೆ ಕುಳಿತು, ಹಿಗ್ಗಿಸಿದ ಚಿತ್ರ ನೋಡುತ್ತ ಬೆರಳಾಡಿಸಿದಂತೆ ತೋಳಿನ ತುದಿ ಆಡುತ್ತದೆ. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ‘ಡಾ ವಿಂಚಿ’ ಎಂಬ ಸರ್ಜರಿ ರೋಬೋಟ್‌ಗೆ ಬಾಯಿಯ ಮೂಲಕ ಬಳಸಲು ಒಪ್ಪಿಗೆ ಕೊಟ್ಟಿದ್ದು ಟಿ1, ಟಿ2 ಹಂತದ ಸಣ್ಣ ಗಡ್ಡೆಗಳಿಗೆ. ಗಂಟಲಿಗೂ ಅದೊಂದೇ ದಾರಿಯಲ್ಲ, ರೇಡಿಯೇಷನ್ ಕೂಡ ಇದೆ.

ಮುಖ ಕೆಡುವ ಭಯ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಕೆನ್ನೆಯ ಕ್ಯಾನ್ಸರಿನಲ್ಲಿ ಮುಖದ ರೂಪ ನಿಂತಿರುವುದು ಗಡ್ಡೆ ಎಷ್ಟು ಹರಡಿದೆ, ತೆಗೆದ ಜಾಗವನ್ನು ಹೇಗೆ ತುಂಬುತ್ತಾರೆ ಎಂಬುದರ ಮೇಲೆ. ಮುಂಗೈ, ತೊಡೆ ಅಥವಾ ಎದೆಯಿಂದ ಚರ್ಮ, ಮಾಂಸ ತಂದು ಹೊಲಿಯುತ್ತಾರೆ, ಅದೇ ಫ್ಲಾಪ್. ದವಡೆಯ ಮೂಳೆಯನ್ನೂ ತೆಗೆಯಬೇಕಾದರೆ ಕಾಲಿನ ಫಿಬುಲಾ ಮೂಳೆಯನ್ನು ಕೂರಿಸುವುದುಂಟು. ಹಾಗಾಗಿ ನಿಮ್ಮ ಡಾಕ್ಟರನ್ನು ಕೇಳಬೇಕಾದ್ದು ಇದು: ಫ್ಲಾಪ್ ಮಾಡುವವರು ಯಾರು? ಕ್ಯಾನ್ಸರ್ ಹರಡಬಹುದಾದ ಕುತ್ತಿಗೆಯ ಗಂಟುಗಳನ್ನೂ (ಲಿಂಫ್ ನೋಡ್) ತೆಗೆಯುತ್ತೀರಾ? ಆಮೇಲೆ ರೇಡಿಯೇಷನ್ ಬೇಕಾದೀತೇ?

ಆ ಗಂಟುಗಳನ್ನು ಕಿವಿಯ ಹಿಂದಿನಿಂದ ರೋಬೋಟ್‌ನಲ್ಲಿ ತೆಗೆಯುವ ಕ್ರಮವೂ ಇದೆ. ಗಾಯದ ಗುರುತು ಕೂದಲಲ್ಲಿ ಮರೆಯಾಗುತ್ತದೆ. ಅಷ್ಟಕ್ಕೆ ತೋಟ ಅಡವಿಡುವುದು ಬೇಡ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆಸ್ಪತ್ರೆಯಲ್ಲಿ ಮೊದಲು ಅದನ್ನು ವಿಚಾರಿಸಿ. ಮನಸ್ಸಿಗೆ ಸಮಾಧಾನವಾಗದಿದ್ದರೆ ಬಯಾಪ್ಸಿ ಸ್ಲೈಡು, ಸ್ಕ್ಯಾನ್ ಹಿಡಿದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಂದು ಅಭಿಪ್ರಾಯ ಕೇಳಿ. ಆದರೆ ಈ ವಾರವೇ ಹೋಗಿ ಬನ್ನಿ, ಆಪರೇಷನ್‌ಗೆ ಕೊಟ್ಟ ದಿನ ತಪ್ಪಬಾರದು.

ಅಡಿಕೆ ಬೆಳೆಯುವ ಮನೆಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ತಂದೆಯವರಿಗೆ ಕಡ್ಡಿಪುಡಿಯೊಂದನ್ನೇ ಬಿಡಿಸಿದರೆ ಸಾಲದು, ಅಡಿಕೆಯನ್ನೂ ಬಿಡಿಸಿ.