ಓದುಗರ ಪ್ರಶ್ನೆ: ಶವಾಗಾರದ ಬಾಗಿಲಲ್ಲಿ ಏನಂತ ಮಾತಾಡೋದು?

ಪ್ರಶ್ನೆ: ಶವಾಗಾರದ ಕೆಲಸಕ್ಕೆ ಸೇರಿ ಮೂರು ತಿಂಗಳಾಯ್ತು. ಟ್ರೇ ಎಳೆಯೋದು, ಟ್ಯಾಗ್ ಕಟ್ಟೋದು, ರಿಜಿಸ್ಟರ್ ಬರೆಯೋದು ಎಲ್ಲ ಕಲ್ತೆ, ಆದ್ರೆ ಮನೆಯವ್ರು ಬಂದು ಬಾಗಿಲಲ್ಲಿ ನಿಂತ್ರೆ ಬಾಯಿ ಕಟ್ಟೋಗತ್ತೆ. ಮೊನ್ನೆ ಒಬ್ರು ತಾಯಿ ಮಗನ ಕೈ ಹಿಡ್ಕೊಂಡು "ಇಷ್ಟು ತಣ್ಣಗಿದೀಯಲ್ಲೋ" ಅಂತ ಕಿರುಚಿಬಿಟ್ರು. ಹಿಡಿಯೋಕೆ ಬಿಡಬಾರದಿತ್ತಾ?

ಉತ್ತರ: ಬಿಟ್ಟಿದ್ದು ಸರಿನೇ. ಮುಂಚೆ ಒಂದು ಮಾತು ಹೇಳಿದ್ರೆ ಚೆನ್ನಾಗಿರ್ತಿತ್ತು, ಅಷ್ಟೇ. ಕೋಲ್ಡ್ ಸ್ಟೋರೇಜ್ 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರತ್ತೆ ಅನ್ನೋದು ನಮಗೆ ದಿನಾ ಗೊತ್ತಿರೋ ವಿಷ್ಯ, ಆದ್ರೆ ಆ ತಾಯಿಗೆ ಅದು ಹಿಂದಿನ ದಿನದವರೆಗೂ ಬೆಚ್ಚಗಿದ್ದ ಕೈ. ಹಾಗಾಗಿ ಬಾಗಿಲು ತೆಗೆಯೋಕೆ ಮುಂಚೆ ಹೊರಗೇ ಕೂರಿಸಿ, ಅವ್ರ ಮುಖ ನೋಡ್ಕೊಂಡು, ಒಳಗೆ ಏನು ಕಾಣತ್ತೆ ಅಂತ ನಿಧಾನಕ್ಕೆ ಹೇಳಿ. ಮೈ ತುಂಬ ತಣ್ಣಗಿರತ್ತೆ, ಗಟ್ಟಿಯಾಗಿರತ್ತೆ, ಮುಖದ ಬಣ್ಣ ಬದಲಾಗಿದೆ, ಎಡಗಡೆ ಹಣೆ ಮೇಲೆ ಗಾಯ ಇದೆ ಅದಕ್ಕೆ ಬಟ್ಟೆ ಮುಚ್ಚಿದೀವಿ, ಹೀಗೆ. ಇದ್ದದ್ದು ಇದ್ದ ಹಾಗೆ, ಎರಡೇ ನಿಮಿಷದ ಮಾತು.

ಇನ್ನೊಂದು ವಿಷ್ಯ ಒತ್ತಿ ಹೇಳ್ಬೇಕು. ಸತ್ತ ಮೇಲೆ ರಕ್ತ ಓಡಾಡಲ್ವಲ್ಲ, ಅದು ಕೆಳಗಡೆ ಇಳಿದು ನಿಲ್ಲತ್ತೆ, ಅಂಗಾತ ಮಲಗಿಸಿದ್ರೆ ಬೆನ್ನೆಲ್ಲ ನೇರಳೆ ಬಣ್ಣಕ್ಕೆ ತಿರುಗತ್ತೆ. ದವಡೆ ಕುತ್ತಿಗೆ ಕೆಲವೇ ಗಂಟೇಲಿ ಬಿಗಿಯಾಗತ್ತೆ, ಸುಮಾರು 12 ಗಂಟೆ ಹೊತ್ತಿಗೆ ಪೂರ್ತಿ ಮೈ ಬಿಗಿಯತ್ತೆ, ಆಮೇಲೆ ಮತ್ತೆ ಸಡಿಲ ಆಗತ್ತೆ. ಇದು ಗೊತ್ತಿಲ್ದೆ ಎಷ್ಟೋ ಮನೆಯವ್ರು ಆ ಬಣ್ಣ ನೋಡಿ "ಯಾರೋ ಹೊಡೆದಿದಾರೆ" ಅನ್ಕೊಂಡು ಹೋಗ್ತಾರೆ, ಆ ಅನುಮಾನ ವರ್ಷಗಟ್ಲೆ ಕೊರೀತಾ ಇರತ್ತೆ. ಹಾಗಂತ ಯಾವುದು ಏಟು ಯಾವುದು ಅಲ್ಲ ಅಂತ ನೀವೇ ತೀರ್ಮಾನ ಮಾಡಿ ಹೇಳೋಕೆ ಹೋಗ್ಬೇಡಿ, "ಸಾವಾದ ಮೇಲೆ ಬಣ್ಣ ಬದಲಾಗೋದು ಸಹಜ, ಗಾಯದ ಬಗ್ಗೆ ಡಾಕ್ಟ್ರು ಹೇಳ್ತಾರೆ, ಕರ್ಕೊಂಡು ಹೋಗ್ತೀನಿ ಬನ್ನಿ" ಅನ್ನಿ, ಮತ್ತೆ ನಿಜವಾಗ್ಲೂ ಕರ್ಕೊಂಡು ಹೋಗಿ. ಪೊಲೀಸ್ ಕೇಸಾಗಿದ್ದು ಪೋಸ್ಟ್ ಮಾರ್ಟಂ ಇನ್ನೂ ಆಗಿಲ್ದಿದ್ರೆ ಮುಖ ಒರೆಸೋದು, ಮುಟ್ಟೋಕೆ ಬಿಡೋದು ಇದನ್ನೆಲ್ಲ ಡಾಕ್ಟ್ರನ್ನ ಕೇಳದೆ ಮಾಡ್ಬೇಡಿ.

ಅಂಥ ತಡೆ ಇಲ್ದಿದ್ರೆ ಕೂದಲು ಸರಿ ಮಾಡಿ, ಬಿಳಿ ಬಟ್ಟೆ ಎದೆ ತನಕ ಹೊದಿಸಿ, ಒಂದು ಕೈ ಹೊರಗಿಡಿ, ಪಕ್ಕದಲ್ಲಿ ಒಂದು ಕುರ್ಚಿ ಹಾಕಿ. ಟ್ಯಾಗ್‌ನಲ್ಲಿರೋ ಹೆಸರನ್ನ ಇನ್ನೊಬ್ರ ಜೊತೆ ಸೇರ್ಕೊಂಡು ಎರಡು ಸಲ ನೋಡಿ, ಯಾಕಂದ್ರೆ ತಪ್ಪು ವ್ಯಕ್ತಿನ ತೋರಿಸಿಬಿಟ್ರೆ ಆಮೇಲೆ ಎಷ್ಟು ಕ್ಷಮೆ ಕೇಳಿದ್ರೂ ಮುಗಿಯಲ್ಲ. ಮತ್ತೆ ದಯವಿಟ್ಟು ಅವ್ರ ಎದುರಿಗೆ "ಬಾಡಿ" ಅನ್ಬೇಡಿ. ಹೆಸರು ಹಿಡಿದು ಮಾತಾಡಿ. ಶುರುನಲ್ಲಿ ನಾನೂ "ನಿಮ್ ಬಾಡಿ ಯಾವ್ದು" ಅಂತಾನೇ ಕೇಳ್ತಿದ್ದೆ, ಒಂದಿನ ಒಬ್ರು ಹಿರಿಯರು "ಅವ್ಳು ನನ್ ಹೆಂಡ್ತಿ ಕಣಪ್ಪ" ಅಂದ್ರು, ಅವತ್ತಿಂದ ಆ ಪದ ಮನೆಯವ್ರ ಮುಂದೆ ಬಾಯಿಗೆ ಬಂದಿಲ್ಲ.

ಪ್ರಶ್ನೆ: ಎಂಟು ತಿಂಗಳ ಹಿಂದೆ ಅಪಘಾತದಲ್ಲಿ ತಮ್ಮ ತೀರ್ಕೊಂಡ. "ನೋಡ್ಬೇಡಿ, ನಿಮ್ ಕೈಲಿ ತಡ್ಕೊಳಕ್ಕಾಗಲ್ಲ" ಅಂತ ಒಳಗೇ ಬಿಡ್ಲಿಲ್ಲ. ಈಗ ರಸ್ತೇಲಿ ಯಾರೋ ಹಿಂದಿನಿಂದ ಅವನ ಥರ ಕಂಡ್ರೆ ಹಿಂದೇನೇ ಓಡ್ತೀನಿ. ನನಗೆ ತಲೆ ಕೆಡ್ತಿದ್ಯಾ?

ಉತ್ತರ: ಇಲ್ಲಮ್ಮ, ತಲೆ ಕೆಟ್ಟಿಲ್ಲ. ಹೋದವ್ರು ಜನರ ಮಧ್ಯೆ ಕಂಡ ಹಾಗಾಗೋದು ದುಃಖದಲ್ಲಿರೋರಿಗೆ ತುಂಬ ಸಾಮಾನ್ಯ, ಅದ್ರಲ್ಲೂ ನೀವು ಅವನನ್ನ ಕೊನೇ ಸಲ ನೋಡೇ ಇಲ್ಲ, ಮನಸ್ಸು ಹುಡುಕ್ತಾ ಇದೆ.

ನಿಮ್ಮನ್ನ ತಡೆದವ್ರು ಕೆಟ್ಟ ಮನಸ್ಸಿಂದ ತಡೆದಿರಲ್ಲ, ಆದ್ರೆ ಆ ನಿರ್ಧಾರ ನಿಮ್ಮದಾಗಿರ್ಬೇಕಿತ್ತು. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು, ಆತ್ಮಹತ್ಯೆ ಅಪಘಾತ ಇಂಥ ಆಘಾತದ ಸಾವಲ್ಲಿ ತಮ್ಮವ್ರನ್ನ ಕಳ್ಕೊಂಡ 80 ಜನರನ್ನ ಕೂರಿಸಿ ಮಾತಾಡಿಸಿದ್ರು. ನೋಡಿದ್ದು ಕಷ್ಟ ಆಯ್ತು ಅಂದವ್ರಲ್ಲೂ ನೋಡಬಾರದಿತ್ತು ಅಂದವ್ರು ಕಡಿಮೆ. ನೋಡ್ಲೇಬೇಕು ಅಂತಲ್ಲ, ಬೇಡ ಅನ್ನೋರಿಗೂ ಅಷ್ಟೇ ಹಕ್ಕಿದೆ. ಸಿಬ್ಬಂದಿ ಯಾರಾದ್ರೂ ಇದನ್ನ ಓದ್ತಿದ್ರೆ ಹೇಳ್ತೀನಿ, ಮುಖ ತೋರಿಸೋ ಸ್ಥಿತೀಲಿ ಇಲ್ದಿದ್ರೂ ಒಂದು ಕೈ, ಒಂದು ಪಾದ ತೋರಿಸ್ಬೋದು, ಮುಚ್ಚಿದ ಬಟ್ಟೆ ಪಕ್ಕ ಹತ್ತು ನಿಮಿಷ ಕೂರೋಕಾದ್ರೂ ಬಿಡ್ಬೋದು.

ನೀವು ಈಗ್ಲೂ ಒಂದು ಕೆಲಸ ಮಾಡ್ಬೋದು. ಪೋಸ್ಟ್ ಮಾರ್ಟಂ ರಿಪೋರ್ಟ್ ತಗೊಂಡು, ಒಬ್ಬರೇ ಓದ್ಕೊಳ್ದೆ, ನಂಬೋ ಡಾಕ್ಟ್ರ ಹತ್ರ ಕೂತು ಸಾಲು ಸಾಲಾಗಿ ಕೇಳಿ, ಒದ್ದಾಡಿದ್ನಾ ಅನ್ನೋ ಪ್ರಶ್ನೆ ಒಳಗಿದ್ರೆ ಅದನ್ನೂ ಕೇಳಿಬಿಡಿ. ಅವತ್ತು ಹತ್ರ ಇದ್ದವ್ರು ಯಾರಾದ್ರೂ ಸಿಕ್ಕಿದ್ರೆ ಅವ್ರನ್ನೂ ಮಾತಾಡಿಸಿ. ಆರು ತಿಂಗಳು ದಾಟಿದ ಮೇಲೂ ದಿನಾ ಅದೇ ತೀವ್ರತೇಲಿ ಹಂಬಲ ಕಾಡ್ತಾ, ಕೆಲಸ, ಮನೆ ಯಾವುದೂ ನಡೆಯದ ಹಾಗೆ ಆಗಿದ್ರೆ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟೀಲೇ ಜಾಗ ಇದೆ, ಚಿಕಿತ್ಸೆನೂ ಇದೆ, ಆಗ ಮನೋವೈದ್ಯರನ್ನ ಅಥವಾ ಕೌನ್ಸೆಲರನ್ನ ನೋಡಿ. ಬರೀ ಅಳು ಬರ್ತಿದ್ರೆ ಅಳಿ, ಅದಕ್ಕೆ ಗಡುವು ಇಲ್ಲ.

ಪ್ರಶ್ನೆ: ಆರು ವರ್ಷದ ಮಗಳಿಗೆ ತಾತ "ಮಲಗಿದಾರೆ" ಅಂದಿದೀವಿ. ಸರಿನಾ?

ಉತ್ತರ: ಬೇಡ. ನಾಳೆ ಮಲಗೋಕೇ ಹೆದರ್ತಾಳೆ. "ತಾತ ಸತ್ತೋದ್ರು, ಅವ್ರ ಮೈ ಕೆಲಸ ಮಾಡೋದು ನಿಂತೋಯ್ತು, ಮತ್ತೆ ಬರಲ್ಲ, ಇದು ನಿನ್ನಿಂದ ಆಗಿದ್ದಲ್ಲ" ಅನ್ನಿ. ಅದನ್ನೇ ಹತ್ತು ಸಲ ಕೇಳ್ತಾಳೆ, ಹತ್ತು ಸಲನೂ ಹೇಳಿ.

ಪ್ರಶ್ನೆ: ನಾನೂ ಶವಾಗಾರದವನೇ. ಹೆಣ ನೋಡಿದ್ರೆ ಏನೂ ಅನ್ಸಲ್ಲ, ಆದ್ರೆ ಸಾಮಾನಿನ ಕವರಲ್ಲಿ ಫೋನ್ ಹೊಡ್ಕೊಳ್ತಾ ಸ್ಕ್ರೀನ್ ಮೇಲೆ "ಅಮ್ಮ" ಅಂತ ಬಂದಿದ್ದು ನೋಡ್ದಾಗಿಂದ ನಿದ್ದೆ ಇಲ್ಲ.

ಉತ್ತರ: ಆ ಫೋನು ನನಗೂ ಗೊತ್ತು ತಮ್ಮಾ. ಗಾಯಕ್ಕಿಂತ ಇವೇ ಒಳಗೆ ನಾಟೋದು, ಪರ್ಸಲ್ಲಿರೋ ಮಗುವಿನ ಫೋಟೋ, ಅರ್ಧ ತಿಂದಿಟ್ಟ ಮಾತ್ರೆ ಪಟ್ಟಿ. "ಇದು ನನ್ನ ಮನೇಲೂ ಆಗ್ಬೋದಿತ್ತು" ಅನ್ಸಿದ ಕ್ಷಣವೇ ಮನಸ್ಸಿಗೆ ಪೆಟ್ಟು ಬೀಳೋದು. ಅದಕ್ಕೇ ಸಾಮಾನು ಪಟ್ಟಿ ಮಾಡೋ ಕೆಲಸಕ್ಕೆ ಇಬ್ರು ಇರಿ, ಒಬ್ರು ಹೇಳೋದು ಒಬ್ರು ಬರೆಯೋದು, ಇಬ್ರೂ ಸಹಿ ಹಾಕೋದು. ಬರೆಯೋಕೆ ಬೇಕಾದಷ್ಟು ನೋಡಿ, ಫೋಟೋ ಮೆಸೇಜು ತೆಗೆದು ನೋಡ್ಬೇಡಿ. ಫೋನ್ ಬಂದ್ರೆ ಎತ್ತಬೇಡಿ, ಸಾವಿನ ಸುದ್ದಿ ಹೇಳೋ ಜವಾಬ್ದಾರಿ ಇರೋರಿಗೆ ತಕ್ಷಣ ತಿಳಿಸಿ.

ಸಾಹೇಬರ ಹತ್ರ ಹೋಗಿ ನಿದ್ದೆ ಇಲ್ಲ ಅಂತ ಬಾಯಿಬಿಟ್ಟು ಹೇಳಿ, ಒಂದು ವಾರ ಆ ಸಾಮಾನಿನ ಕೆಲಸದಿಂದ ಬದಲಾಯಿಸಿ ಅಂತ ಕೇಳಿ. ಕುಡಿದು ಮಲಗೋ ಅಭ್ಯಾಸಕ್ಕೆ ಮಾತ್ರ ಹೋಗ್ಬೇಡಿ, ನನ್ನ ಜೊತೆಗಿದ್ದ ಇಬ್ರನ್ನ ನಾನು ಹಾಗೇ ಕಳ್ಕೊಂಡೆ. ಒಂದು ತಿಂಗಳಾದ್ರೂ ಆ ಸ್ಕ್ರೀನ್ ಕಣ್ಮುಂದೆ ಬರ್ತಾನೇ ಇದ್ರೆ ಡಾಕ್ಟ್ರಿಗೆ ತೋರಿಸಿ, ನಂಗೂ ಇನ್ನೊಂದು ಕಾಗದ ಹಾಕಿ, ಕಾಯ್ತಿರ್ತೀನಿ.